ಬೆಳ್ಳೂರಿನ ‘ಶ್ರೀ’

ನಮ್ಮೂರ ಪ್ರಾಥಮಿಕ ಶಾಲೆಯಲ್ಲಿ ಬೆಳಗ್ಗೆ ಪ್ರಾರ್ಥನೆಗೆ ನಿಂತಾಗ ಹಾಡುತ್ತಿದ್ದ ಹಾಡುಗಳಲ್ಲಿ ‘ಕರುಣಾಳು ಬಾ ಬೆಳಕೆ’ ಒಂದು. ಅದನ್ನು ಬರೆದವರು ಯಾರೆಂದು ನಾವು ಕೇಳಲಿಲ್ಲ, ಮೇಷ್ಟರೂ ಹೇಳಲಿಲ್ಲ. ಊರ ಮುಂದಿನ ಕೆರೆಯನ್ನು ಕಟ್ಟಿಸಿದವರಾರೆಂದು ಕೇಳದೆ ನೀರು ಕುಡಿಯುವಂತೆ ನಾವು ಆ ಹಾಡನ್ನು ಹಾಡುತ್ತಿದ್ದೆವು. ಬಿ.ಎ. ತರಗತಿಗೆ ಬಂದ ಮೇಲೆ ತಿಳಿಯಿತು: ಅದರ ಮೂಲವನ್ನು ನ್ಯೂಮನ್ ಎಂಬ ಇಂಗ್ಲಿಷ್ ಪಾದ್ರಿಯೊಬ್ಬರು 1833ರಲ್ಲಿ ಹಡಗಿನ ಪ್ರಯಾಣದಲ್ಲಿ ಬರೆದರು, ಕನ್ನಡಕ್ಕೆ ತಂದವರು ಆಚಾರ್ಯ ಬಿ. ಎಂ. ಶ್ರೀಕಂಠಯ್ಯನವರು. ಅವರ ಹೆಸರಿನ ಮೊದಲಲ್ಲಿರುವ ‘ಬಿ’ ಯಾವ ದೂರದ ಊರೂ ಅಲ್ಲ. ನಾಗಮಂಗಲ ತಾಲ್ಲೂಕಿನ ಬೆಳ್ಳೂರು. ನಮ್ಮ ಹಳ್ಳಿಯವರು ಬಸ್ಸು ಹಿಡಿಯಲು ನಡೆದು ಹೋಗುವ ಊರು.

ಈ ಲೇಖನಕ್ಕೆ ಇನ್ನೊಂದು ಕಾರಣವೂ ಉಂಟು. ಹೇಳಲು ಸ್ವಲ್ಪ ನಾಚಿಕೆ. ಮೊದಲನೆಯ ವರ್ಷ ಒಂದು ಪ್ರಬಂಧ ಸ್ಪರ್ಧೆಗೆ ಮಳೆಗಾಲವನ್ನು ಕುರಿತು ಬರೆದೆ. ಮನೆಯಲ್ಲಿ ಆಡುವ ಮಾತೇ ಕೈಗೆ ಬಂದಿತ್ತು. ಸೋನೆ ಹಿಡಿಯಿತು, ನೆಲ ಹದವಾಯಿತು, ಕೆರೆ ಕೋಡಿ ಬಿತ್ತು ಎಂದೆಲ್ಲ ಬರೆದಿದ್ದೆ. ತೀರ್ಪುಗಾರರೊಬ್ಬರು ಅದು ಹಳ್ಳಿಯ ಮಾತಾಯಿತೇ ಹೊರತು ಸಾಹಿತ್ಯವಾಗಲಿಲ್ಲ ಎಂದರು. ಮರುವರ್ಷ ನಾನು ಹಟ ಹಿಡಿದು ವರ್ಷಋತು, ಮೇಘಮಾಲೆ, ಜಲಧಾರೆ, ವಸುಂಧರೆ ಎಂದು ಪುಟ ತುಂಬಿಸಿದೆ. ಬಹುಮಾನವೂ ಬಂತು. ಊರಿಗೆ ಹೋದಾಗ ಅದನ್ನು ತಂದೆಗೆ ಓದಿ ಹೇಳಿದೆ. ಅವರು ಎರಡು ಎಕರೆ ರಾಗಿ ಹೊಲದವರು. ಸಹಿ ಹಾಕುವಷ್ಟು ಅಕ್ಷರ ಬಲ್ಲರು. ಕೊನೆಯವರೆಗೂ ತಾಳ್ಮೆಯಿಂದ ಕೇಳಿ, ಎಲ್ಲಾ ಚೆನ್ನಾಗಿದೆ, ಆದರೆ ಮಳೆ ಬಂತೋ ಇಲ್ಲವೋ ತಿಳಿಯಲಿಲ್ಲವಲ್ಲ ಎಂದರು. ಹಾಸ್ಯಕ್ಕೆ ಹೇಳಿದ್ದಲ್ಲ. ಮಳೆ ಬಂತೋ ಇಲ್ಲವೋ ಎಂಬುದು ನಮ್ಮ ಕಡೆ ಯಾರೂ ಹಾಸ್ಯಕ್ಕೆ ಆಡುವ ಮಾತಲ್ಲ.

ಆ ಮಾತು ನನ್ನನ್ನು ಬಹಳ ದಿನ ಕಾಡಿತು. ಕಾಲೇಜಿನ ಪುಸ್ತಕ ಭಂಡಾರದಲ್ಲಿ ‘ಇಂಗ್ಲಿಷ್ ಗೀತಗಳು’ ಎಂಬ ತೆಳ್ಳನೆಯ ಪುಸ್ತಕ ಕೈಗೆ ಬಂದದ್ದು ಆ ದಿನಗಳಲ್ಲಿಯೇ. ಪ್ರಕೃತಿಯನ್ನು ಬಣ್ಣಿಸುವಾಗ ಯಾವ ಮಾತನ್ನು ಆರಿಸಿದರೆ ಮನಸ್ಸಿನ ಭಾವ ಓದುವವರಿಗೆ ಮುಟ್ಟುತ್ತದೆ ಎಂಬ ನನ್ನ ಪುಟ್ಟ ಸಂಕಟವನ್ನು, ನನಗಿಂತ ನೂರು ವರ್ಷ ಮೊದಲೇ, ನಮ್ಮ ಸೀಮೆಯವರೊಬ್ಬರು ಬಹು ದೊಡ್ಡದಾಗಿ ಅನುಭವಿಸಿದ್ದರೆಂದು ಆಗ ಕಂಡುಕೊಂಡೆ.

ಶ್ರೀಕಂಠಯ್ಯನವರು ಹುಟ್ಟಿದ್ದು 1884ನೆಯ ಇಸವಿ ಜನವರಿ 3ರಂದು, ತುಮಕೂರು ಜಿಲ್ಲೆಯ ಸಂಪಿಗೆಯಲ್ಲಿ. ಅದು ತಾಯಿಯ ತವರು. ತಂದೆ ಬೆಳ್ಳೂರಿನ ಮೈಲಾರಯ್ಯನವರು, ತಾಯಿ ಭಾಗೀರಥಮ್ಮನವರು. ತಂದೆ ವಕೀಲರಾಗಿ ಶ್ರೀರಂಗಪಟ್ಟಣದಲ್ಲಿದ್ದರು. ಆದ್ದರಿಂದ ಹುಡುಗನ ಬಾಲ್ಯ ಕಳೆದದ್ದು, ಮೊದಲ ಅಕ್ಷರ ಕಲಿತದ್ದು ಕಾವೇರಿಯ ನಡುವಿನ ಆ ದ್ವೀಪದಲ್ಲಿ.

ನಮ್ಮ ಈ ನಾಲ್ಕು ತಾಲ್ಲೂಕುಗಳನ್ನು ಬಲ್ಲವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ನಾಗಮಂಗಲದ ಕಡೆ ಬಂಡೆ, ಕುರುಚಲು ಗಿಡ, ಮಳೆಯನ್ನೇ ನಂಬಿದ ರಾಗಿ ಹುರುಳಿ. ಪಾಂಡವಪುರ, ಕೃಷ್ಣರಾಜಪೇಟೆಗಳಲ್ಲಿ ಅರ್ಧ ಒಣ ನೆಲ, ಅರ್ಧ ನಾಲೆಯ ಹಸಿರು. ಶ್ರೀರಂಗಪಟ್ಟಣಕ್ಕೆ ಬಂದರೆ ಸುತ್ತಲೂ ನೀರು. ಬೆಳ್ಳೂರಿನ ಮನೆತನದ ಹುಡುಗ ಈ ನೀರಿನ ನಡುವೆ ಬೆಳೆದ. ಮೇಲಾಗಿ ಆಗಿನ ಕಾವೇರಿ ಈಗಿನದಲ್ಲ. ಕೃಷ್ಣರಾಜಸಾಗರದ ಕಟ್ಟೆಯ ಕೆಲಸ ಆರಂಭವಾದದ್ದೇ 1911ರಲ್ಲಿ. ಅದಕ್ಕೆ ಮೊದಲು ಆಷಾಢ ಶ್ರಾವಣಗಳಲ್ಲಿ ಕೊಡಗಿನ ಮಳೆಯೆಲ್ಲ ತಡೆಯಿಲ್ಲದೆ ಬಂದು ಕೋಟೆಯ ಬುಡಕ್ಕೆ ಬಡಿಯುತ್ತಿತ್ತು. ಬೇಸಗೆಯಲ್ಲಿ ಹೊಳೆಯ ಬಂಡೆಗಳ ಬೆನ್ನು ಕಾಣುತ್ತಿತ್ತು. ಕಲ್ಲುಕಂಬದ ಸೇತುವೆಗಳಿದ್ದರೂ, ಮೇಲಿನ ಕೆಳಗಿನ ಹಳ್ಳಿಗಳವರು ಹೊಳೆ ದಾಟಲು ಹರಿಗೋಲನ್ನೇ ನಂಬಿದ್ದರು. ಹುಟ್ಟು ಹಾಕಿ ದಾಟಿಸುವವರು ತೊರೆಯರು. ಈ ಮಾತನ್ನು ದಯವಿಟ್ಟು ನೆನಪಿನಲ್ಲಿಡಬೇಕು, ಮುಂದೆ ಬೇಕಾಗುತ್ತದೆ.

ಓದಿನ ವಿಷಯವನ್ನು ಬೇಗ ಹೇಳಿ ಮುಗಿಸುತ್ತೇನೆ. ಮೈಸೂರು, ಬೆಂಗಳೂರಿನ ಸೆಂಟ್ರಲ್ ಕಾಲೇಜು, ಆಮೇಲೆ ಮದರಾಸು. ಕಾನೂನು ಪದವಿ ಮತ್ತು ಎಂ.ಎ. ವಕೀಲಿಯ ಬಾಗಿಲು ತೆರೆದಿದ್ದರೂ ಅತ್ತ ಹೋಗದೆ 1909ರಲ್ಲಿ ಮೈಸೂರು ಮಹಾರಾಜಾ ಕಾಲೇಜಿನಲ್ಲಿ ಇಂಗ್ಲಿಷ್ ಅಧ್ಯಾಪಕರಾದರು. ಚಿಕ್ಕ ವಯಸ್ಸಿನಲ್ಲಿಯೇ ಪತ್ನಿಯನ್ನು ಕಳೆದುಕೊಂಡರು, ಮತ್ತೆ ಮದುವೆಯಾಗಲಿಲ್ಲ.

ಇಂಗ್ಲಿಷ್ ಮೇಷ್ಟರಾದವರು ಕನ್ನಡದ ಕೆಲಸಕ್ಕೆ ಏಕೆ ಬಂದರು? ಆ ಕಾಲದ ಸ್ಥಿತಿಯನ್ನು ನೆನೆದರೆ ಉತ್ತರ ಸಿಕ್ಕುತ್ತದೆ. ಕಲಿತವರು ಸಭೆಯಲ್ಲಿ ಕನ್ನಡ ಆಡಲು ಹಿಂಜರಿಯುತ್ತಿದ್ದರು. ಕನ್ನಡ ಪಂಡಿತರು ಬರೆಯುತ್ತಿದ್ದ ಕಾವ್ಯವೋ ಕನ್ನಡಿಗರಿಗೇ ಅರ್ಥವಾಗುತ್ತಿರಲಿಲ್ಲ. ತರಗತಿಯಲ್ಲಿ ವರ್ಡ್ಸ್‌ವರ್ತನ ಗುಡ್ಡ, ಷೆಲ್ಲಿಯ ಗಾಳಿ, ಬರ್ನ್ಸನ ಹೊಲಗಳನ್ನು ಪಾಠ ಹೇಳಿ ಹೊರಗೆ ಬಂದರೆ ಎದುರಿಗೆ ಚಾಮುಂಡಿ ಬೆಟ್ಟ. ಅದನ್ನು ಅದೇ ಪ್ರೀತಿಯಿಂದ ಹಾಡುವ ಹೊಸಗನ್ನಡ ಕಾವ್ಯ ಇನ್ನೂ ಬೆಳೆದಿರಲಿಲ್ಲ. 1911ರಲ್ಲಿ ಅವರು ಧಾರವಾಡಕ್ಕೆ ಹೋಗಿ ವಿದ್ಯಾವರ್ಧಕ ಸಂಘದಲ್ಲಿ ‘ಕನ್ನಡ ಮಾತು ತಲೆ ಎತ್ತುವ ಬಗೆ’ ಎಂಬ ಉಪನ್ಯಾಸ ಮಾಡಿದರು. ಆಗ ಅವರಿಗೆ 27 ವರ್ಷ. ಆ ತಲೆಬರಹದಲ್ಲಿ ಒಂದಾದರೂ ಸಂಸ್ಕೃತ ಪದ ಇದೆಯೇ ನೋಡಿ. ಭಾಷೋನ್ನತಿ ಎನ್ನಬಹುದಾಗಿತ್ತು, ಅಂದಿನ ರೂಢಿಯೂ ಅದೇ. ತಲೆ ಎತ್ತುವುದು ಎಂದಾಗ ಇಷ್ಟು ದಿನ ತಲೆ ತಗ್ಗಿಸಿ ನಿಂತವರೊಬ್ಬರು ಕಣ್ಣಿಗೆ ಕಟ್ಟುತ್ತಾರೆ. ಉನ್ನತಿಯಲ್ಲಿ ಆ ನೋವು ಇಲ್ಲ.

ಅನಂತರ ಹತ್ತಾರು ವರ್ಷ ಇಂಗ್ಲಿಷ್ ಕವಿತೆಗಳನ್ನು ಒಂದೊಂದಾಗಿ ಕನ್ನಡಕ್ಕೆ ತರುತ್ತ ಬಂದರು. ಬಹುಪಾಲು ‘ಗೋಲ್ಡನ್ ಟ್ರೆಷರಿ’ ಎಂಬ ಹೆಸರಾದ ಸಂಗ್ರಹದಿಂದ ಆರಿಸಿಕೊಂಡವು. ಸುಮಾರು 60 ಕವಿತೆಗಳ ‘ಇಂಗ್ಲಿಷ್ ಗೀತಗಳು’ 1926ರಲ್ಲಿ ಪುಸ್ತಕವಾಗಿ ನಿಂತಿತು. ಕವಿಯ ಹೆಸರಿನ ಜಾಗದಲ್ಲಿ ‘ಶ್ರೀ’ ಎಂಬ ಒಂದೇ ಅಕ್ಷರ. ಆರಂಭದ ‘ಕಾಣಿಕೆ’ಯಲ್ಲಿ ಎರಡು ನುಡಿಗಳ ಮೇಲೂ ತಮಗಿರುವ ಒಲವನ್ನು ಹೇಳಿಕೊಂಡಿದ್ದಾರೆ.

ಈ ಕೆಲಸದ ಕಷ್ಟ ಎಲ್ಲಿತ್ತು? ನಮ್ಮ ಹಳೆಯ ಕಾವ್ಯದಲ್ಲಿ ಪ್ರತಿ ಪಾದದ ಎರಡನೆಯ ಅಕ್ಷರ ಒಂದೇ ಆಗಿರಬೇಕೆಂಬ ಆದಿಪ್ರಾಸದ ನಿಯಮವುಂಟು. ಕೇಳಲು ಇಂಪು, ನಿಜ. ಆದರೆ ಕವಿ ಮೊದಲ ಸಾಲಿನಲ್ಲಿ ಮಳೆ ಎಂದುಬಿಟ್ಟರೆ ಮುಂದಿನ ಸಾಲುಗಳಿಗೆಲ್ಲ ಎರಡನೆಯ ಸ್ಥಾನದಲ್ಲಿ ಳಕಾರವಿರುವ ಮಾತನ್ನೇ ಹುಡುಕಬೇಕು. ಎದೆಯಲ್ಲಿರುವ ಭಾವ ಒಂದು ಪದವನ್ನು ಕೇಳುತ್ತದೆ, ಪ್ರಾಸ ಇನ್ನೊಂದನ್ನು ಕೇಳುತ್ತದೆ. ಗೆಲ್ಲುವುದು ಸಾಮಾನ್ಯವಾಗಿ ಪ್ರಾಸವೇ. ಮಂಜೇಶ್ವರದ ಗೋವಿಂದ ಪೈಗಳು 1911ರಲ್ಲಿಯೇ ಈ ಕಟ್ಟನ್ನು ಹರಿದಿದ್ದರು. ಶ್ರೀಯವರು ಪ್ರಾಸವನ್ನು ಪೂರ್ತಿ ಓಡಿಸಲಿಲ್ಲ. ತಾನಾಗಿ ಬಂದಲ್ಲಿ ಬರಮಾಡಿಕೊಂಡರು, ಬಾರದಲ್ಲಿ ಕಾಯಲಿಲ್ಲ. ಮಾತ್ರೆಗಳನ್ನು ಮೂರು, ನಾಲ್ಕು, ಐದರ ಗುಂಪುಗಳಾಗಿ ಬೇಕಾದಂತೆ ಜೋಡಿಸಿ ಹೊಸ ನಡಿಗೆಗಳನ್ನು ಕಂಡುಕೊಂಡರು. ಹೀಗೆ, ಬೇಕಾದ ಮಾತನ್ನು ಬೇಕಾದಲ್ಲಿ ಇಡುವ ಸ್ವಾತಂತ್ರ್ಯ ಕವಿಗೆ ದೊರೆಯಿತು.

ಆ ಸ್ವಾತಂತ್ರ್ಯವನ್ನು ಅವರು ಹೇಗೆ ಬಳಸಿದರೆಂಬುದಕ್ಕೆ ‘ಕಾರಿಹೆಗ್ಗಡೆಯ ಮಗಳು’ ಎಂಬ ಕವಿತೆಯೇ ಸಾಕು. ಮೂಲ ಕ್ಯಾಂಪ್‌ಬೆಲ್ ಎಂಬ ಸ್ಕಾಟ್‌ಲೆಂಡಿನ ಕವಿಯದು. ತಂದೆಯ ಒಪ್ಪಿಗೆಯಿಲ್ಲದೆ ಪ್ರಿಯನೊಡನೆ ಓಡಿಬಂದ ಹುಡುಗಿ. ಹಿಂದೆ ಅಟ್ಟಿಬರುತ್ತಿರುವ ತಂದೆಯ ಆಳುಗಳು. ಮುಂದೆ ಬಿರುಗಾಳಿಗೆ ಎದ್ದ ನೀರು. ದೋಣಿಯವನು ಹುಡುಗಿಯ ಮುಖ ನೋಡಿ ದಾಟಿಸಲು ಒಪ್ಪುತ್ತಾನೆ. ನಡುನೀರಿನಲ್ಲಿ ದೋಣಿ ಮುಳುಗುತ್ತದೆ. ದಡಕ್ಕೆ ಬಂದು ನಿಂತ ತಂದೆಯ ಸಿಟ್ಟು ಅಳುವಾಗುತ್ತದೆ.

ಸ್ಕಾಟ್‌ಲೆಂಡಿನ ಪ್ರಭು ಕನ್ನಡದಲ್ಲಿ ಹೆಗ್ಗಡೆಯಾದ. ದ್ವೀಪದ ನಾಯಕ ಪಡುವ ದಿಬ್ಬದ ಗೌಡನಾದ. ದೋಣಿಯವನು ಯಾರಾದ? ನಾವಿಕನಾಗಲಿಲ್ಲ, ಅಂಬಿಗನೂ ಆಗಲಿಲ್ಲ; ತೊರೆಯನಾದ. ಈ ಮಾತು ಅವರಿಗೆ ಯಾವ ನಿಘಂಟಿನಿಂದಲೂ ಬರಬೇಕಾಗಿರಲಿಲ್ಲ; ಶ್ರೀರಂಗಪಟ್ಟಣದ ಹೊಳೆಯ ದಡದಲ್ಲಿ ಬೆಳೆದ ಹುಡುಗನ ಕಿವಿಯಲ್ಲಿಯೇ ಅದು ಇದ್ದಿರಬೇಕೆಂದು ನನ್ನ ಊಹೆ. ನಾವಿಕ ಎಂದರೆ ನಮಗೆ ಚಿತ್ರದ ಮನುಷ್ಯ. ತೊರೆಯ ಎಂದರೆ ಸೊಂಟಕ್ಕೆ ಪಂಚೆ ಬಿಗಿದು, ನೀರಿನ ಬಣ್ಣ ನೋಡಿ ಇಂದು ದಾಟಬಹುದೋ ಬಾರದೋ ಎಂದು ಹೇಳಬಲ್ಲ ಮನುಷ್ಯ. ಅವನು ಹೆದರಿದರೆ ನಾವೂ ಹೆದರುತ್ತೇವೆ.

ಇನ್ನೊಂದು ಮಾತು. ಆ ಕವಿತೆಯಲ್ಲಿ ನೀರಿನ ಸದ್ದಿಗೆ ಅವರು ಬಳಸಿರುವ ಕ್ರಿಯಾಪದ ‘ಮೊರೆ’. ಕನ್ನಡದಲ್ಲಿ ಇದಕ್ಕೆ ಎರಡು ಮುಖ. ಕಡಲು ಮೊರೆಯುತ್ತದೆ, ಮನುಷ್ಯ ಮೊರೆಯಿಡುತ್ತಾನೆ. ನೀರಿನ ಅಬ್ಬರಕ್ಕೂ ದಿಕ್ಕಿಲ್ಲದವರ ಕೂಗಿಗೂ ನಮ್ಮಲ್ಲಿ ಒಂದೇ ಮಾತು. ಕವಿತೆಯ ಆರಂಭದಲ್ಲಿ ಮೊರೆಯುವುದು ನೀರು. ಕೊನೆಗೆ ಬಂದಾಗ ದಡದ ಮೇಲೆ ನಿಂತು ಮಗಳನ್ನು ಕೂಗಿ ಮೊರೆಯಿಡಬೇಕಾದವನು ತಂದೆ. ಮಧ್ಯದಲ್ಲಿ ಯಾರೂ ನಮಗೆ ಇದು ಕರುಣಾರಸ, ಇದು ರೌದ್ರ ಎಂದು ಹೇಳುವುದಿಲ್ಲ. ಹೇಳಬೇಕಾದದ್ದನ್ನೆಲ್ಲ ನೀರೇ ಹೇಳಿಬಿಡುತ್ತದೆ. ಇಂಥ ಪದವೊಂದು ಇಂಗ್ಲಿಷ್ ಕವಿಗೆ ದೊರೆತಿರಲಿಲ್ಲ. ಅನುವಾದ ಮಾಡುವವನು ಮೂಲಕ್ಕಿಂತ ಶ್ರೀಮಂತನಾಗುವ ಗಳಿಗೆಯೂ ಇರುತ್ತದೆಂದು ತೋರುತ್ತದೆ. ನಡಿಗೆಯನ್ನು ಗಮನಿಸಿದರೆ ಮತ್ತೊಂದು ಬೆರಗು: ಮೂರು ನಾಲ್ಕು ಮಾತ್ರೆಗಳ ಆ ಓಟ ಕುಮಾರವ್ಯಾಸನ ಭಾಮಿನಿಯ ಓಟವೇ. ಹೊಸ ಕವಿತೆ ಹಳೆಯ ಕಾಲಿನಲ್ಲಿ ನಡೆದು ಬಂದದ್ದರಿಂದ ಯಾರಿಗೂ ಅದು ಪರದೇಶಿಯಾಗಿ ಕಾಣಲಿಲ್ಲ.

‘ವಸಂತ’ ಎಂಬ ಇನ್ನೊಂದು ಕವಿತೆಯ ವಿಷಯದಲ್ಲಿ ನನಗೊಂದು ಸಂಶಯವಿತ್ತು. ಮೂಲ, ಷೇಕ್ಸ್‌ಪಿಯರನ ಕಾಲದ ನ್ಯಾಷ್ ಎಂಬಾತನದು. ಚಳಿಯಲ್ಲಿ ಮರಗಟ್ಟಿದ ಇಂಗ್ಲೆಂಡಿಗೆ ವಸಂತವೆಂದರೆ ಬಿಡುಗಡೆ. ನಮಗೆ ಹಾಗಲ್ಲವಷ್ಟೆ. ಚೈತ್ರದಲ್ಲಿ ಮಾವು ಚಿಗುರುವುದೇನೋ ಉಂಟು, ಕೋಗಿಲೆಯೂ ಕೂಗುತ್ತದೆ. ಆದರೆ ನಾಗಮಂಗಲದ ಕಡೆ ಅದೇ ತಿಂಗಳಲ್ಲಿ ಕೆರೆಯ ತಳ ಬಿರಿದು, ಹೆಂಗಸರು ಕೊಡ ಹಿಡಿದು ನಿಲ್ಲುತ್ತಾರೆ. ನಮ್ಮ ಸಂತೋಷದ ಋತು ಮುಂಗಾರು. ಮಳೆ ತಡವಾದರೆ ಮಕ್ಕಳು ಮಳೆರಾಯನನ್ನು ತಲೆಯ ಮೇಲೆ ಹೊತ್ತು ಮನೆಮನೆಗೆ ಹೋಗುತ್ತಾರೆ; ವಸಂತರಾಯನನ್ನು ಹೊತ್ತವರನ್ನು ನಾನು ಕಾಣೆ. ಹಾಗಾದರೆ ಆ ಕವಿತೆ ಓದಿದಾಗ ನಮಗೂ ಏಕೆ ಖುಷಿಯಾಗುತ್ತದೆ? ಹಕ್ಕಿಗಳ ಕೂಗಿನಿಂದ ಎಂದು ನನ್ನ ಉತ್ತರ. ಮೂಲದಲ್ಲಿ ಕವಿ ಹಕ್ಕಿಗಳ ದನಿಯನ್ನು ಅರ್ಥವಿಲ್ಲದ ಸದ್ದುಗಳಾಗಿಯೇ ಬರೆದಿದ್ದ. ಶ್ರೀಯವರು ಅವುಗಳಿಗೆ ಅರ್ಥ ಹಚ್ಚಲು ಹೋಗಲಿಲ್ಲ. ಸದ್ದನ್ನು ಸದ್ದಾಗಿಯೇ ಕನ್ನಡ ಲಿಪಿಗೆ ಇಳಿಸಿದರು. ಋತು ಪರದೇಶದ್ದಾದರೂ ಮಕ್ಕಳು ಬಾಯಿಬಿಟ್ಟು ಕೂಗಬಹುದಾದ ದನಿ ಎಲ್ಲರದೂ ಆಯಿತು. ಹಳೆಗನ್ನಡದಲ್ಲಿ ನವಿಲಿನ ಕೂಗಿಗೆ ‘ಕೇಗು’ ಎಂದೇ ಒಂದು ಮಾತಿದೆ. ಆದಿಚುಂಚನಗಿರಿಯ ತಪ್ಪಲಲ್ಲಿ ಆ ಕೂಗನ್ನು ಕೇಳಿದವರಿಗೆ ಆ ಮಾತು ಎಲ್ಲಿಂದ ಬಂತೆಂದು ವ್ಯಾಕರಣ ಹೇಳಿಕೊಡಬೇಕಾಗಿಲ್ಲ.

ವರ್ಡ್ಸ್‌ವರ್ತನದೊಂದು ಕವಿತೆಯಲ್ಲಿ ಸಂಜೆಯ ಹೊತ್ತು ಹುಡುಗಿಯೊಬ್ಬಳು ಕುರಿಮರಿಗೆ ಮೇವು ನೀರು ಕೊಡುತ್ತಾಳೆ. ಅದಕ್ಕೆ ಕನ್ನಡದಲ್ಲಿ ‘ಮುದ್ದಿನ ಕುರಿಮರಿ’ ಎಂದು ಹೆಸರಾಯಿತು. ಸಾಕಿದ ಕುರಿಮರಿ ಎಂದಿದ್ದರೆ ತಪ್ಪಿರಲಿಲ್ಲ. ನಮ್ಮಲ್ಲಿ ಸಾಕಿದ ಕುರಿಯ ಗತಿ ಏನೆಂದು ಎಲ್ಲರಿಗೂ ಗೊತ್ತು. ಮುದ್ದು ಎಂದೊಡನೆ ಕುರಿಮರಿ ಮನೆಯ ಮಗುವಾಯಿತು.

ಇಷ್ಟು ಓದಿದ ಮಿತ್ರರು, ಶ್ರೀಯವರು ಸಂಸ್ಕೃತವನ್ನು ದೂರವಿಟ್ಟವರೆಂದು ತಿಳಿಯಬಾರದು. ನಾನು ಮೊದಲು ಹಾಗೆಯೇ ತಿಳಿದು, ನನ್ನ ತೀರ್ಪುಗಾರರ ಮೇಲೆ ಗೆದ್ದೆನೆಂದು ಒಳಗೇ ಹಿಗ್ಗಿದ್ದೆ. ಆದರೆ ಸೇತುವೆಯಿಂದ ನೀರಿಗೆ ಹಾರಿದ ಹೆಣ್ಣನ್ನು ಕುರಿತ ಹುಡ್ ಕವಿಯ ಶೋಕಗೀತೆಗೆ ಅವರಿಟ್ಟ ಹೆಸರು ‘ದುಃಖಸೇತು’. ‘ಕರುಣಾಳು ಬಾ ಬೆಳಕೆ’ಯಲ್ಲಿ ಕರುಣಾಳು ಸಂಸ್ಕೃತದಿಂದ ಬಂದದ್ದು, ಬಾ ಮತ್ತು ಬೆಳಕು ಮನೆಯವು. ಮೂರೂ ಜ್ಯೋತಿ, ದಯಾನಿಧಿ, ಆಗಮಿಸು ಎಂಬ ಜಾತಿಯವಾಗಿದ್ದರೆ ನಾವು ಮಕ್ಕಳು ಅದನ್ನು ಹಾಡುತ್ತಿದ್ದೆವೇ? ಬಾ ಎಂಬ ಒಂದೇ ಅಕ್ಷರದಲ್ಲಿ ಕತ್ತಲಲ್ಲಿ ನಿಂತ ಮಗು ತಾಯಿಯನ್ನು ಕರೆದಂತಿದೆ. ದೂರದ ಗೌರವಕ್ಕೆ ಒಂದು ಮಾತು, ಹತ್ತಿರದ ಸಲಿಗೆಗೆ ಇನ್ನೊಂದು. ಎರಡನ್ನೂ ಒಂದೇ ಸಾಲಿನಲ್ಲಿ ಕೂಡಿಸಿದ್ದಾರೆ.

ನಾಟಕಗಳಿಗೆ ಬಂದಾಗ ಅವರು ಹಿಡಿದ ದಾರಿಯೇ ಬೇರೆ. 1926ರ ‘ಗದಾಯುದ್ಧ ನಾಟಕಂ’ ರನ್ನನ ಕಾವ್ಯದಿಂದ ಎದ್ದದ್ದು, 1929ರ ‘ಅಶ್ವತ್ಥಾಮನ್’ಗೆ ಗ್ರೀಕರ ಸಾಫೊಕ್ಲಿಸನ ನಾಟಕ ಮಾದರಿ, 1935ರ ‘ಪಾರಸಿಕರು’ ಈಸ್ಕಿಲಸನಿಂದ ಬಂದದ್ದು. ದುರಂತ ವೀರರ ಅಳಲಿಗೆ ಆಡುಮಾತು ಸಾಲದೆಂದು ಅವರು ಹಳೆಗನ್ನಡದ ಗಡಸು ಮಾತುಗಳನ್ನು ಕರೆತಂದರು. ಕಾರಣ ನನಗೆ ಒಪ್ಪಿಗೆ. ಆದರೂ ನಿಜ ಹೇಳಬೇಕಾದರೆ, ‘ಅಶ್ವತ್ಥಾಮನ್’ ಓದುವಾಗ ಅರ್ಥಕೋಶ ಪಕ್ಕದಲ್ಲಿಟ್ಟುಕೊಂಡು ಒದ್ದಾಡಿದೆ. ವೀರನ ದುಃಖಕ್ಕಿಂತ ನನ್ನ ದುಃಖವೇ ಹೆಚ್ಚಾಯಿತು. ನಮ್ಮ ಅಧ್ಯಾಪಕರು ಅದನ್ನು ಗಟ್ಟಿಯಾಗಿ ಓದಿ ಕೇಳಬೇಕೆನ್ನುತ್ತಾರೆ. ಹಾಗೆಯೇ ಇರಬಹುದು.

ಅವರ ಸಾರ್ವಜನಿಕ ಜೀವನ ಒಂದು ಪ್ರತ್ಯೇಕ ಲೇಖನಕ್ಕೆ ಸಾಕಾಗುವಷ್ಟಿದೆ. 1926ರಿಂದ 1930ರವರೆಗೆ ಮೈಸೂರು ವಿಶ್ವವಿದ್ಯಾನಿಲಯದ ರಿಜಿಸ್ಟ್ರಾರರಾಗಿದ್ದರು, ಕನ್ನಡ ಎಂ.ಎ. ತರಗತಿ ಅಲ್ಲಿ ಆರಂಭವಾದದ್ದು ಆ ಅವಧಿಯಲ್ಲಿಯೇ, 1927ರಲ್ಲಿ. 1928ರಲ್ಲಿ ಗುಲ್ಬರ್ಗದ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಆಗ ಅದು ನಿಜಾಮರ ಸೀಮೆ. ಆಡಳಿತದ ಭಾಷೆ ಉರ್ದು. ಕನ್ನಡ ಎಂಬ ಮಾತನ್ನು ಅಲ್ಲಿ ಸಭೆಯಲ್ಲಿ ಆಡುವುದಕ್ಕೇ ಒಂದು ಬೆಲೆಯಿತ್ತು. ಆಮೇಲೆ ಬೆಂಗಳೂರಿನ ಸೆಂಟ್ರಲ್ ಕಾಲೇಜು, ಸಾಹಿತ್ಯ ಪರಿಷತ್ತಿನ ಉಪಾಧ್ಯಕ್ಷತೆ, ವಿಶ್ವವಿದ್ಯಾನಿಲಯದ ಇಂಗ್ಲಿಷ್-ಕನ್ನಡ ನಿಘಂಟಿನ ಕೆಲಸ. ಮಹಾರಾಜರಿಂದ ರಾಜಸೇವಾಸಕ್ತ ಎಂಬ ಬಿರುದು. 1941ರಲ್ಲಿ ಶಿಷ್ಯರೂ ಸ್ನೇಹಿತರೂ ಸೇರಿ ‘ಸಂಭಾವನೆ’ ಎಂಬ ಗ್ರಂಥವನ್ನು ಒಪ್ಪಿಸಿದರು.

ನನಗೆ ಹೆಚ್ಚು ಹೆಮ್ಮೆ ತರುವ ಸಂಗತಿ ಬೇರೆ. ಶ್ರೀಯವರು ತೆಗೆದ ದಾರಿಯಲ್ಲಿ ನಡೆದ ಕವಿಗಳಲ್ಲಿ ಇಬ್ಬರು ನಮ್ಮ ನೆರೆಯ ತಾಲ್ಲೂಕುಗಳವರೇ. ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯಲ್ಲಿ 1905ರಲ್ಲಿ ಹುಟ್ಟಿದ ಪು. ತಿ. ನರಸಿಂಹಾಚಾರ್ಯರು 1933ರಲ್ಲಿ ಮೊದಲ ಕವನ ಸಂಗ್ರಹ ತಂದಾಗ ಅದಕ್ಕಿಟ್ಟ ಹೆಸರು ‘ಹಣತೆ’. ದೀಪಿಕೆ ಅಲ್ಲ, ಮಣ್ಣಿನ ಹಣತೆ. ಕೃಷ್ಣರಾಜಪೇಟೆ ತಾಲ್ಲೂಕಿನ ಕಿಕ್ಕೇರಿಯಲ್ಲಿ 1915ರಲ್ಲಿ ಹುಟ್ಟಿದ ಕೆ. ಎಸ್. ನರಸಿಂಹಸ್ವಾಮಿಯವರು 1942ರಲ್ಲಿ ‘ಮೈಸೂರ ಮಲ್ಲಿಗೆ’ ತಂದರು. ಅವರ ಪದ್ಯಗಳಲ್ಲಿ ಹೂವು, ಬೆಳದಿಂಗಳು, ಊರದಾರಿಗಳು ಬಣ್ಣನೆಗೆಂದು ಬರುವುದಿಲ್ಲ. ಗಂಡಹೆಂಡಿರ ಮಾತಿನ ನಡುವೆ ತಾವಾಗಿ ಬಂದು ಕೂರುತ್ತವೆ. ಶ್ರೀಯವರು ‘ಮಾದ ಮಾದಿ’ಯಲ್ಲಿ ಹಿಡಿದ ಬರ್ನ್ಸ್ ಕವಿಯನ್ನು ಮುಂದೆ ನರಸಿಂಹಸ್ವಾಮಿಯವರೂ ಕನ್ನಡಿಸಿದರೆಂಬುದು ಆಕಸ್ಮಿಕವಲ್ಲ.

ವಿಶ್ರಾಂತಿಯ ವಯಸ್ಸಿನಲ್ಲಿ ಶ್ರೀಯವರು ವಿಶ್ರಾಂತಿ ಪಡೆಯಲಿಲ್ಲ. 1944ರಲ್ಲಿ ಕರ್ನಾಟಕ ಎಜುಕೇಶನ್ ಬೋರ್ಡಿನ ಕಲಾ ಕಾಲೇಜಿಗೆ ಪ್ರಿನ್ಸಿಪಾಲರಾಗಿ ಧಾರವಾಡಕ್ಕೆ ಹೋದರು. ಧಾರವಾಡ ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದು. ಇಪ್ಪತ್ತೇಳರ ಯುವಕನಾಗಿ ಕನ್ನಡ ತಲೆ ಎತ್ತುವ ಬಗೆಯನ್ನು ಹೇಳಿದ ಊರಿನಲ್ಲಿಯೇ 1946ರ ಜನವರ 5ರಂದು ತೀರಿಕೊಂಡರು. ಅರುವತ್ತೆರಡು ತುಂಬಿ ಎರಡು ದಿನವಾಗಿತ್ತು. ಕನ್ನಡ ನಾಡು ಒಂದಾದದ್ದನ್ನು ಅವರು ಕಾಣಲಿಲ್ಲ; ಅದಕ್ಕೆ ಇನ್ನೂ ಹತ್ತು ವರ್ಷ ಬೇಕಾಯಿತು.

ಕಳೆದ ದಸರಾ ರಜದಲ್ಲಿ ಊರಿಗೆ ಹೋದಾಗ ‘ಇಂಗ್ಲಿಷ್ ಗೀತಗಳು’ ಜೊತೆಯಲ್ಲಿತ್ತು. ಮಳೆರಾಯನ ಪ್ರಬಂಧದ ಗಾಯ ಇನ್ನೂ ಮಾಯದಿದ್ದುದರಿಂದ ತಂದೆಗೆ ಓದಲು ಧೈರ್ಯವಾಗಲಿಲ್ಲ. ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದ ಅಜ್ಜಿಗೆ ‘ಕಾರಿಹೆಗ್ಗಡೆಯ ಮಗಳು’ ಓದಿದೆ. ಇದು ಸೀಮೆಯ ಕತೆಯೆಂದು ನಾನು ಹೇಳಲಿಲ್ಲ. ಅಜ್ಜಿಯ ಕೈ ಒಂದೆರಡು ಸಲ ನಿಂತಿತು. ಮುಗಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಗೌಡನ ವಿಷಯವನ್ನೂ ಕೇಳದೆ, ಹೆಗ್ಗಡೆಯ ವಿಷಯವನ್ನೂ ಕೇಳದೆ, ಆ ತೊರೆಯ ಏನಾದ, ಅವನಿಗೂ ಮನೆಯಲ್ಲಿ ಹೆಂಡತಿ ಮಕ್ಕಳಿದ್ದರೇನೋ ಎಂದು ಕೇಳಿದರು. ತರಗತಿಯಲ್ಲಿ ನಾವು ಅರುವತ್ತು ಜನ ಆ ಪದ್ಯ ಓದಿದ್ದೆವು. ಒಬ್ಬರಿಗೂ ಅದು ಹೊಳೆದಿರಲಿಲ್ಲ. ನಾನು ಮತ್ತೆ ಪುಟ ತಿರುಗಿಸಿ ಮೊದಲಿನಿಂದ ಹುಡುಕತೊಡಗಿದೆ. ಅಷ್ಟರಲ್ಲಿ ಅಜ್ಜಿ ಸಿಪ್ಪೆಯನ್ನು ಮಡಿಲಿಗೆ ತುಂಬಿಕೊಂಡು, ದನಕ್ಕೆ ಹಾಕಲು ಕೊಟ್ಟಿಗೆಯ ಕಡೆ ಹೋಗಿದ್ದರು.